ಮುಧೋಳದ ನಾಯಿ, ಯಡಹಳ್ಳಿಯ ಚಿಂಕಾರ: ವಿಕಾಸದ ಕೊಡುಕೊಳ್ಳುವಿಕೆ

ಮುಧೋಳವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಕವಿ ರನ್ನ, ಅನಂತರ ನಾಯಿ. ರನ್ನನ ಮಾತು ಬೇರೊಂದು ಸಭೆಗಿರಲಿ. ಇಂದಿನ ಮಾತು ಆ ನಾಯಿಯ ಕಾಲಿನಿಂದ ಆರಂಭವಾಗಬೇಕಾಗಿದೆ.

ಮಲೆನಾಡಿನ ಕೇಳುಗರಿಗೆ ಆ ಸೀಮೆ ದೂರದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಬಾಗಲಕೋಟೆ ಜಿಲ್ಲೆಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಬಯಲುಸೀಮೆಯ ತಾಲ್ಲೂಕುಗಳು. ಅಲ್ಲಿ ವರ್ಷವಿಡೀ ಬೀಳುವ ಮಳೆ ಆರುನೂರು ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ಆಷಾಢದ ಒಂದು ವಾರ ಜೋರಾಗಿ ಸುರಿದರೆ ಅಷ್ಟಾದೀತು. ಆದರೂ ಸಂಬಂಧವಿಲ್ಲದ ಊರುಗಳಲ್ಲ ಅವು. ಸಹ್ಯಾದ್ರಿಯಲ್ಲಿ ಹುಟ್ಟಿದ ಕೃಷ್ಣೆ ಮತ್ತು ಘಟಪ್ರಭೆಯರೇ ಆ ಕಪ್ಪು ಮಣ್ಣಿನ ನಡುವೆ ಹರಿಯುತ್ತಾರೆ. ಮಳೆ ಇಲ್ಲಿನದು, ಬಿಸಿಲು ಅಲ್ಲಿನದು.

ಮುಧೋಳದ ನಾಯಿಯನ್ನು ಆ ಭಾಗದ ಹಳ್ಳಿಗರು ಕರವಾನಿ ಎಂದೂ ಕರೆಯುವುದುಂಟು. ಮುಧೋಳದ ಘೋರ್ಪಡೆ ಅರಸರು ಅದನ್ನು ಸಾಕಿ, ಆಯ್ದು, ತಳಿಯಾಗಿ ನಿಲ್ಲಿಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಚೀಟಿ ಹೊರಡಿಸಿದಾಗ ಅದೂ ಒಂದಾಗಿತ್ತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನ ಕೇಂದ್ರವಿದೆ. 2016ರಲ್ಲಿ ಸೈನ್ಯವು ಕೆಲವು ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಕೊಂಡೊಯ್ದಿತು. ಇಷ್ಟೆಲ್ಲ ಮರ್ಯಾದೆಗೆ ಕಾರಣ ಒಂದೇ: ಅದು ಓಡುತ್ತದೆ. ಕಣ್ಣಿನಿಂದ ಬೇಟೆಯನ್ನು ಕಂಡು, ಬಯಲಿನಲ್ಲಿ ಮೊಲದ ಬೆನ್ನು ಹತ್ತಿ ಹಿಡಿಯುವ ಪ್ರಾಣಿ ಅದು. ಆಳವಾದ ಎದೆಗೂಡು, ಒಳಸೇರಿದ ಹೊಟ್ಟೆ, ಬಾಗಿದ ಬೆನ್ನು, ಕೋಲಿನಂಥ ಕಾಲು. ಹೊಸದಾಗಿ ನೋಡಿದವರು ಪಾಪ, ಇದಕ್ಕೆ ಯಾರೂ ಅನ್ನ ಹಾಕಿಲ್ಲವೆಂದು ಮರುಗುತ್ತಾರೆ.

ಆ ಕಾಲನ್ನು ತುಸು ಗಮನಿಸಬೇಕು. ಮಾಂಸಖಂಡವೆಲ್ಲ ತೊಡೆ ಮತ್ತು ಭುಜದ ಮೇಲ್ಭಾಗದಲ್ಲಿ ಒಟ್ಟಾಗಿದೆ. ಮೊಣಕಾಲಿನ ಕೆಳಗೆ ಹೆಚ್ಚಾಗಿ ಎಲುಬು ಮತ್ತು ಸ್ನಾಯುರಜ್ಜು. ಓಡುವಾಗ ಕಾಲನ್ನು ಪ್ರತಿ ಹೆಜ್ಜೆಗೂ ಮುಂದಕ್ಕೆ ಬೀಸಿ ಮತ್ತೆ ಹಿಂದಕ್ಕೆ ಸೆಳೆಯಬೇಕು. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸುವುದಕ್ಕೂ ಬರಿಯ ಹಗ್ಗ ಬೀಸುವುದಕ್ಕೂ ಇರುವ ವ್ಯತ್ಯಾಸವನ್ನು ಕವಣೆ ಬೀಸಿದ ಹುಡುಗರೆಲ್ಲ ಬಲ್ಲರು. ತುದಿ ಹಗುರವಾದಷ್ಟೂ ಬೀಸು ಸಲೀಸು. ಆದರೆ ಅದೇ ಹಗುರವಾದ ತುದಿ ಹೊಡೆತ ತಾಳುವುದಿಲ್ಲ. ಹೊರಳಿ, ತಳ್ಳಿ, ನೆಲಕ್ಕೆ ಕೆಡವಿ ಕಾದಾಡಬೇಕಾದ ನಾಯಿಗೆ ಬೇಕಾದದ್ದು ಕೆಳಗಾಲಿನಲ್ಲೂ ತುಂಬಿದ ಮಾಂಸ, ದಪ್ಪ ಎಲುಬು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2003ರಲ್ಲಿಯೂ 2005ರಲ್ಲಿಯೂ ಎರಡು ತಳಿಗಳನ್ನು ಹೋಲಿಸಿ ನೋಡಿದರು. ಒಂದು, ಓಟಕ್ಕೆಂದು ಆಯ್ದ ಗ್ರೇಹೌಂಡ್. ಇನ್ನೊಂದು, ಕಾದಾಟಕ್ಕೆಂದು ಆಯ್ದ ಪಿಟ್‌ಬುಲ್. ಓಟಗಾರನ ಸ್ನಾಯುರಜ್ಜುಗಳು ಸ್ಪ್ರಿಂಗಿನಂತೆ ಬಲವನ್ನು ಕೂಡಿಟ್ಟು ಮರಳಿಸುತ್ತವೆ, ಆದರೆ ಕೆಳಗಾಲಿನ ಮಾಂಸ ಕಡಿಮೆ. ಜಗಳಗಂಟನ ಕೆಳಗಾಲು ಬಲಿಷ್ಠ, ಎಲುಬು ಮುರಿಯುವಿಕೆಗೆ ಎದುರು ನಿಲ್ಲುತ್ತದೆ, ಆದರೆ ಓಟ ಸಾಲದು. ಎರಡೂ ಒಂದೇ ಮೈಯಲ್ಲಿ ಕೂಡಿ ಬರುವಂತಿಲ್ಲ. ಮುಧೋಳದ ನಾಯಿ ಮೊದಲನೆಯ ಅಚ್ಚಿನದು.

ಜೀವಶಾಸ್ತ್ರದಲ್ಲಿ ಇದನ್ನೇ ಕೊಡುಕೊಳ್ಳುವಿಕೆ ಎನ್ನಬಹುದು. ಒಂದು ಗುಣವನ್ನು ಪಡೆಯಬೇಕಾದರೆ ಇನ್ನೊಂದನ್ನು ತೆರಬೇಕು. ರಬಕವಿ-ಬನಹಟ್ಟಿಯ ಯಾವ ನೇಕಾರನ ಮಗ್ಗದ ಮುಂದೆ ಕೂತರೂ ಈ ತತ್ತ್ವ ತಿಳಿಯುತ್ತದೆ. ಕೈಯಲ್ಲಿರುವ ನೂಲು ಇಷ್ಟೇ ಎಂದಿಟ್ಟುಕೊಳ್ಳಿ. ಹೊಕ್ಕನ್ನು ಒತ್ತಾಗಿ ಬಡಿದರೆ ಬಟ್ಟೆ ಗಟ್ಟಿ, ಉದ್ದ ಕಡಿಮೆ; ಸಡಿಲವಾಗಿ ನೇಯ್ದರೆ ಉದ್ದ ಹೆಚ್ಚು, ಬಾಳಿಕೆ ಕಡಿಮೆ. ನೇಕಾರ ಎಷ್ಟೇ ನುರಿತವನಾಗಿರಲಿ, ಇಲ್ಲದ ನೂಲನ್ನು ನೇಯಲಾರ. ಪ್ರಾಣಿಗೆ ಸಿಗುವ ಆಹಾರವೂ ಗಿಡಕ್ಕೆ ಸಿಗುವ ನೀರು-ಗೊಬ್ಬರವೂ ಇಂಥದೇ ಎಣಿಕೆಯ ನೂಲು. ಬೆಳವಣಿಗೆಗೆ ಎಷ್ಟು, ರಕ್ಷಣೆಗೆ ಎಷ್ಟು, ಸಂತಾನಕ್ಕೆ ಎಷ್ಟು ಎಂಬ ಹಂಚಿಕೆಯಲ್ಲೇ ಜೀವಿಯ ಬಾಳು ಇರುತ್ತದೆ.

ಚಾರ್ಲ್ಸ್ ಡಾರ್ವಿನ್ ತನ್ನ ‘ಜೀವಜಾತಿಗಳ ಉಗಮ’ವನ್ನು 1859ರಲ್ಲಿ ಪ್ರಕಟಿಸಿದಾಗ ಮೊದಲ ಅಧ್ಯಾಯದಲ್ಲಿಯೇ ಸಾಕುಪ್ರಾಣಿಗಳ ವಿಷಯ ಎತ್ತಿಕೊಂಡ. ಮನುಷ್ಯನು ಆರಿಸಿ ಆರಿಸಿ ಪಾರಿವಾಳವನ್ನೂ ನಾಯಿಯನ್ನೂ ಬದಲಿಸಬಲ್ಲನಾದರೆ, ನಿಸರ್ಗ ಲಕ್ಷಾಂತರ ವರ್ಷಗಳಲ್ಲಿ ಎಷ್ಟನ್ನು ಬದಲಿಸಿರಬೇಡ ಎಂಬುದು ಅವನ ತರ್ಕ. ಅದೇ ಪುಸ್ತಕದಲ್ಲಿ ಅವನು ಅಮೆರಿಕದ ಕ್ಯಾಟ್‌ಸ್ಕಿಲ್ ಬೆಟ್ಟಗಳ ತೋಳಗಳ ಬಗ್ಗೆ ಕೇಳಿದ ವಿಷಯವನ್ನು ಬರೆದಿದ್ದಾನೆ. ಅಲ್ಲಿ ಎರಡು ಬಗೆಯ ತೋಳಗಳಂತೆ. ಒಂದು, ಗ್ರೇಹೌಂಡಿನಂತೆ ಹಗುರ ಮೈಯದು, ಜಿಂಕೆಯ ಬೆನ್ನಟ್ಟುವಂಥದು. ಮತ್ತೊಂದು ದಪ್ಪ ಮೈಯ, ಗಿಡ್ಡ ಕಾಲಿನದು, ಕುರಿಹಿಂಡಿನ ಮೇಲೆ ಬೀಳುವಂಥದು. ಒಂದೇ ಜಾತಿಯ ಪ್ರಾಣಿ ಎರಡು ಕಸುಬಿಗೆ ಎರಡು ಮೈ ಪಡೆದ ಕಥೆ.

ಈ ಲೆಕ್ಕ ಕಾಲಿನಲ್ಲಿ ಮುಗಿಯುವುದಿಲ್ಲ. ರಕ್ತದಲ್ಲೂ ವಂಶವಾಹಿಯಲ್ಲೂ ಇದೆ. ಗ್ರೇಹೌಂಡಿನ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಹೆಚ್ಚು. ಆಮ್ಲಜನಕ ಹೆಚ್ಚು ಸಾಗುತ್ತದೆ ನಿಜ, ರಕ್ತ ಮಂದವಾಗುತ್ತದೆಂಬುದೂ ನಿಜ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಚಳಿ ತಡೆಯದು. ಕೆಲವು ಬಗೆಯ ಅರಿವಳಿಕೆ ಮದ್ದು ಕೊಟ್ಟರೆ ಎಚ್ಚರವಾಗುವುದು ತಡ, ಆದ್ದರಿಂದ ಪಶುವೈದ್ಯರು ಈ ಅಚ್ಚಿನ ನಾಯಿಗಳ ವಿಷಯದಲ್ಲಿ ಜಾಗರೂಕರು. ಇಂಗ್ಲೆಂಡಿನ ವಿಪೆಟ್ ಎಂಬ ಓಟದ ತಳಿಯಲ್ಲಿ 2007ರಲ್ಲಿ ಪತ್ತೆಯಾದ ಸಂಗತಿ ಇನ್ನೂ ಸ್ವಾರಸ್ಯಕರ. ಮಾಂಸಖಂಡ ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನಿನ ವಂಶವಾಹಿ ಅಲ್ಲಿ ಕೆಲವು ನಾಯಿಗಳಲ್ಲಿ ಕೆಟ್ಟಿದೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಕೆಟ್ಟ ಪ್ರತಿ ಬಂದಿದ್ದರೆ ನಾಯಿ ಉಳಿದವಕ್ಕಿಂತ ವೇಗದ ಓಟಗಾರ. ಇಬ್ಬರಿಂದಲೂ ಬಂದರೆ ಮೈಯೆಲ್ಲ ಮಾಂಸ ಗಂಟುಗಟ್ಟಿದ, ಪಂದ್ಯಕ್ಕೆ ಬಾರದ ಮರಿ. ಅಂಥ ಎರಡು ವೇಗದ ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಹೀಗಾಗುತ್ತದೆ.

ಘಟ್ಟದ ಕಾಡಿನ ಜನರಿಗೆ ಈ ಲೆಕ್ಕ ಮನುಷ್ಯರ ರಕ್ತದಲ್ಲೇ ಪರಿಚಿತವಾಗಿರಬೇಕು. ಕುಡುಗೋಲು ಕಣ ರಕ್ತಹೀನತೆಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಕೆಲವು ಸಮುದಾಯಗಳಲ್ಲೂ ಅದಿದೆ. ಒಂದೇ ಪ್ರತಿ ಇದ್ದವರನ್ನು ಅದು ಮಾರಕ ಮಲೇರಿಯಾದಿಂದ ಕಾಪಾಡುತ್ತದೆ, ಎರಡಿದ್ದವರನ್ನು ನರಳಿಸುತ್ತದೆ. ಆಂಥನಿ ಆಲಿಸನ್ ಇದನ್ನು 1954ರಲ್ಲಿ ಆಫ್ರಿಕದಲ್ಲಿ ತೋರಿಸಿದ. ಇದನ್ನು ಆ ಜನರ ದೋಷವೆಂದು ಭಾವಿಸುವುದು ಅನ್ಯಾಯ. ಮಲೇರಿಯಾ ತುಂಬಿದ ಕಾಡಿನಲ್ಲಿ ತಲೆಮಾರುಗಳ ಕಾಲ ಬದುಕುಳಿದದ್ದಕ್ಕೆ ತೆತ್ತ ಬೆಲೆ ಅದು. ಸೊಳ್ಳೆ ಹೋದ ಊರಿನಲ್ಲಿ ಕಾಪು ಬೇಡವಾಗುತ್ತದೆ, ಬೆಲೆ ಮಾತ್ರ ಉಳಿಯುತ್ತದೆ.

ಮತ್ತೆ ಬಯಲಿಗೆ. ನಾಯಿಯನ್ನು ಅರಸರು ಆಯ್ದರು. ಆದರೆ ಬೀಳಗಿ-ಮುಧೋಳದ ನಡುವಿನ ಕುರುಚಲಿನಲ್ಲಿ ಯಾರೂ ಸಾಕದ, ಯಾರೂ ಆಯದ ಒಂದು ಜೀವಿಯಿದೆ. ಅದರ ಕಾಲೂ ಇದೇ ಅಚ್ಚಿನದು. ಅದು ಚಿಂಕಾರ. ಸುಮಾರು ಇಪ್ಪತ್ತು ಕಿಲೋ ತೂಗುವ, ಹೊಂಬಣ್ಣದ, ಹೆಣ್ಣಿಗೂ ಸಣ್ಣ ಕೋಡಿರುವ ಪುಟ್ಟ ಹುಲ್ಲೆ. 2016ರಲ್ಲಿ ಸರ್ಕಾರ ಯಡಹಳ್ಳಿ ಚಿಂಕಾರ ವನ್ಯಧಾಮವನ್ನು ಘೋಷಿಸಿತು; ವಿಸ್ತಾರ 96 ಚದರ ಕಿಲೋಮೀಟರಿನಷ್ಟು. ಅಲ್ಲಿ ತೋಳವೂ ಕತ್ತೆಕಿರುಬವೂ ಇವೆ. ಮೇಲೆ ಮಾಂಸ, ಕೆಳಗೆ ಎಲುಬು-ರಜ್ಜು ಎಂಬ ಹಂಚಿಕೆಯನ್ನು ಚಿಂಕಾರಕ್ಕೆ ಕಲಿಸಿದ್ದು ತೋಳದಂಥ ಬೇಟೆಗಾರರು. ನಿಧಾನವಾಗಿ ಓಡಿದವು ಸಂತಾನ ಬಿಡಲಿಲ್ಲ, ಅಷ್ಟೇ. ಇದೇ ನಿಸರ್ಗದ ಆಯ್ಕೆ. ಅದರ ಹಿಂದೆ ಯಾವ ಉದ್ದೇಶವೂ ಇಲ್ಲ, ಯಾವ ಅರಸನೂ ಇಲ್ಲ.

ಚಿಂಕಾರದ ಲೆಕ್ಕದಲ್ಲಿ ಓಟಕ್ಕಿಂತ ಕಠಿಣವಾದದ್ದು ನೀರು. ಬೇಸಿಗೆಯ ಬಯಲಿನಲ್ಲಿ ಮೈ ತಣ್ಣಗಿರಬೇಕಾದರೆ ಬೆವರಬೇಕು ಅಥವಾ ಏದುಸಿರು ಬಿಡಬೇಕು. ಎರಡಕ್ಕೂ ನೀರು ವೆಚ್ಚ. ನೀರು ಉಳಿಸಿದರೆ ಮೈ ಕಾಯುತ್ತದೆ, ಮೈ ತಣಿಸಿದರೆ ನೀರು ತೀರುತ್ತದೆ. ಈ ಬಗೆಯ ಹುಲ್ಲೆಗಳು ನಡುವಿನ ದಾರಿ ಹಿಡಿದಿವೆ: ನಡುಹಗಲಿನಲ್ಲಿ ನೆರಳು ಸೇರುವುದು, ಎಲೆ-ಕಾಯಿಗಳ ತೇವದಲ್ಲೇ ದಿನ ನೂಕುವುದು. ಅವುಗಳ ನಂಟಿನ, ಅರೇಬಿಯದ ಮರಳುಗಾಡಿನ ಹುಲ್ಲೆಯೊಂದು ಬರಗಾಲದಲ್ಲಿ ತನ್ನ ಯಕೃತ್ತನ್ನೂ ಹೃದಯವನ್ನೂ ಕುಗ್ಗಿಸಿಕೊಂಡು ವೆಚ್ಚ ತಗ್ಗಿಸುತ್ತದೆಂದು ಕಂಡುಕೊಂಡಿದ್ದಾರೆ. ಮರಿಯ ವಿಷಯದಲ್ಲೂ ಹಾಗೆಯೇ. ತಾಯಿ ಮರಿಯನ್ನು ಪೊದೆಯ ಬಳಿ ಮಲಗಿಸಿ ದೂರ ಮೇಯುತ್ತದೆ. ಜೊತೆಗಿದ್ದರೆ ಕಾಯಬಹುದಿತ್ತು, ಆದರೆ ಬೇಟೆಗಾರನ ಕಣ್ಣು ತಾಯಿಯ ಮೇಲೆ ಬಿದ್ದು ಮರಿಯೂ ಸಿಕ್ಕಿಬೀಳುತ್ತದೆ. ದೂರವಿದ್ದರೆ ಕಾಪು ಕಡಿಮೆ, ಮರೆ ಹೆಚ್ಚು. ಅನಾಥ ಮರಿಯೆಂದು ಎತ್ತಿಕೊಂಡು ಬರುವ ದಯಾಳುಗಳು ಈ ಒಪ್ಪಂದವನ್ನು ಮುರಿಯುತ್ತಾರೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಪರಿಸರ ಚಳವಳಿಯವರಿಗೆ, ಅದರಲ್ಲೂ ಮಲೆನಾಡಿನವರಿಗೆ, ಒಂದು ರೂಢಿ ಅಂಟಿಕೊಂಡಿದೆ: ಬೋಳು ನೆಲ ಕಂಡರೆ ಗಿಡ ನೆಡಬೇಕೆನಿಸುತ್ತದೆ. ಕಂದಾಯ ಕಡತಗಳೂ ಅಂಥ ನೆಲವನ್ನು ಬಂಜರು ಎನ್ನುತ್ತವೆ. ಚಿಂಕಾರದ ಇಡೀ ಮೈ ಆ ‘ಬಂಜರಿಗೆ’ ತಕ್ಕಂತೆ ರೂಪುಗೊಂಡದ್ದು. ದೂರ ಕಾಣುವ ಬಯಲಿದ್ದರೆ ಮಾತ್ರ ಅದರ ಕಣ್ಣಿಗೆ ಬೆಲೆ, ತಡೆಯಿಲ್ಲದ ನೆಲವಿದ್ದರೆ ಮಾತ್ರ ಅದರ ಓಟಕ್ಕೆ ಬೆಲೆ. ಒತ್ತೊತ್ತಾಗಿ ನೀಲಗಿರಿಯನ್ನೋ ಅಕೇಶಿಯವನ್ನೋ ಬೆಳೆಸಿದರೆ ತೋಪಿನೊಳಗೆ ಆ ಹಗುರ ಕಾಲು ಒಂದು ಕೊರತೆಯಾಗುತ್ತದೆ. ಸುತ್ತ ಕಬ್ಬು, ಬೇಲಿ, ಕಾಲುವೆ ಬಂದರೂ ಅದೇ ಗತಿ. ರಾಜಸ್ಥಾನದಲ್ಲಿ ಚಿಂಕಾರಗಳಿಗೆ ಬೀದಿನಾಯಿಗಳ ಹಿಂಡೇ ದೊಡ್ಡ ಶತ್ರುವಾಗಿದೆ. ಬೇಲಿಗೆ ಸಿಕ್ಕ ಹುಲ್ಲೆ ವೇಗವಿದ್ದೂ ಸಾಯುತ್ತದೆ. ಘಟ್ಟದ ತಲೆಯ ಹುಲ್ಲುಗಾವಲುಗಳನ್ನು ಬೋಳುಗುಡ್ಡವೆಂದು ಕರೆದು ಅಕೇಶಿಯ ತುಂಬಿದ ಕಾಲವನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಬಯಲಿನ ಹೊಲದಲ್ಲೂ ಇದೇ ಪಾಠ. ಜಮಖಂಡಿ-ಬೀಳಗಿಯ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳ, ಅದರಲ್ಲೂ ಮಾಲ್ದಂಡಿ, ಆಳೆತ್ತರ ಮೀರಿ ಬೆಳೆಯುತ್ತದೆ. 1964ರಲ್ಲಿ ಸಿ.ಎಸ್.ಎಚ್. 1 ಎಂಬ ಗಿಡ್ಡ ಸಂಕರಣ ಜೋಳ ಬಂದಾಗ ಕಾಳಿನ ಇಳುವರಿಯನ್ನು ಮಾತ್ರ ಅಳೆದವರು ಉದ್ದ ದಂಟನ್ನು ವ್ಯರ್ಥವೆಂದರು. ಆದರೆ ದಂಟು ಒಣಗಿ ಕಣಿಕೆಯಾಗುತ್ತದೆ, ಕಣಿಕೆ ಎತ್ತಿನ ಹೊಟ್ಟೆಗೆ ಹೋಗುತ್ತದೆ, ಎತ್ತು ಹೊಲ ಉಳುತ್ತದೆ. ಮಳೆ ಕೈಕೊಟ್ಟ ವರ್ಷ ಕಾಳು ಬಾರದಿದ್ದರೂ ಮೇವಾದರೂ ಮನೆಗೆ ಬರುತ್ತದೆ. ಹಿಂಗಾರಿ ಜೋಳವನ್ನು ಆ ರೈತರು ಇಂದಿಗೂ ಬಿಟ್ಟುಕೊಟ್ಟಿಲ್ಲವೆಂದರೆ ಅದು ಹಟವಲ್ಲ.

ಜೋಳದ ಗಿಡವು ತಾನಾಗಿಯೇ ಮಾಡಿಕೊಂಡ ಇನ್ನೊಂದು ಒಪ್ಪಂದವನ್ನು ದನ ಕಾಯುವ ಹುಡುಗನೂ ಬಲ್ಲ. ಎಳೆಯ ಜೋಳದ ಹೊಲಕ್ಕೆ ದನ ನುಗ್ಗಿದರೆ ಹೊಟ್ಟೆಯುಬ್ಬಿಯೋ ಉಸಿರುಗಟ್ಟಿಯೋ ಬೀಳುತ್ತದೆ. ಎಳೆಯ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ. ಅಗಿದಾಗ ಅದರಿಂದ ಸಯನೈಡು ಬಿಡುಗಡೆಯಾಗುತ್ತದೆ. ಆ ವಿಷವನ್ನು ತಯಾರಿಸಲು ಸಾರಜನಕ ಬೇಕು. ಅದೇ ಸಾರಜನಕ ಎಲೆ ಬೆಳೆಸಲೂ ಬೇಕು. ಗಿಡ ಚಿಕ್ಕದಿದ್ದಾಗ ಒಂದು ಬಾಯಿ ಮೇವು ಕೂಡ ಪ್ರಾಣಾಂತಿಕ, ಆದ್ದರಿಂದ ವಿಷಕ್ಕೆ ಹೆಚ್ಚು ಪಾಲು. ಬಲಿತ ಮೇಲೆ ಪಾಲು ಇಳಿಯುತ್ತದೆ, ಬರದಲ್ಲಿ ಬಾಡಿದಾಗ ಮತ್ತೆ ಏರುತ್ತದೆ. ಬರಗಾಲದಲ್ಲಿ ಬೇರೆ ಮೇವಿಲ್ಲದೆ ಬಾಡಿದ ಎಳೆಜೋಳಕ್ಕೆ ದನ ಬಿಟ್ಟವರು ಎರಡು ಪಟ್ಟು ಕಳೆದುಕೊಂಡ ಉದಾಹರಣೆಗಳು ಆ ಸೀಮೆಯಲ್ಲಿ ಕಡಿಮೆಯೇನಲ್ಲ.

ಕಬ್ಬಿನ ಮಾತು ಸಂಕ್ಷೇಪವಾಗಿ ಸಾಕು. 1989ರಲ್ಲಿ ಜಮಖಂಡಿಯ ರೈತರು ತಾವೇ ಹಣ, ಶ್ರಮ ಕೂಡಿಸಿ ಕೃಷ್ಣೆಗೆ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದ್ದು ನಾಡೇ ಮೆಚ್ಚಿದ ಸಾಹಸ. ನೀರು ಬಂದಂತೆ ಕಬ್ಬು ಹಬ್ಬಿತು. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಿಳಿ ಉಣ್ಣೆ ಹೇನು ಬಂತು, ಉತ್ತರ ಕರ್ನಾಟಕದ ಕಬ್ಬಿನ ಎಲೆಗಳು ಹಿಟ್ಟು ಚೆಲ್ಲಿದಂತಾದವು. ಹೇನುಗಳ ಜಾತಿಯಲ್ಲಿ ಎರಡು ರೂಪಗಳಿವೆ. ರೆಕ್ಕೆಯಿಲ್ಲದ್ದು ಕೂತಲ್ಲೇ ಗಂಡಿನ ಹಂಗಿಲ್ಲದೆ ಬೇಗ ಬೇಗ ಹೆರುತ್ತದೆ. ರೆಕ್ಕೆಯುಳ್ಳದ್ದು ಹಾರಿ ಹೊಸ ಹೊಲ ಸೇರುತ್ತದೆ, ಆದರೆ ತಡವಾಗಿ, ಕಡಿಮೆ ಹೆರುತ್ತದೆ. ರೆಕ್ಕೆಯ ಬೆಲೆಯನ್ನು ಸಂತಾನದಲ್ಲಿ ತೆರಬೇಕು. ಊರೂರು ಒಂದೇ ಬೆಳೆ ನಿಂತಲ್ಲಿ ಆ ಬೆಲೆ ಅಗ್ಗವಾಗುತ್ತದೆ: ಎತ್ತ ಹಾರಿದರೂ ಕಬ್ಬೇ. ಕೊನೆಗೆ ಹೇನನ್ನು ತಿನ್ನುವ ಡಿಫಾ ಎಂಬ ಪತಂಗದ ಮರಿಹುಳುಗಳೂ ಮೈಕ್ರೋಮಸ್ ಎಂಬ ಕೀಟವೂ ರೈತರ ನೆರವಿಗೆ ಬಂದವು. ಸಿಕ್ಕಾಪಟ್ಟೆ ಔಷಧಿ ಸಿಂಪಡಿಸಿದಲ್ಲಿ ಅವೂ ಸತ್ತವು.

ಇನ್ನು ದನ. ಇಲ್ಲಿ ಬಯಲೂ ಮಲೆನಾಡೂ ಎದುರುಬದುರಾಗುತ್ತವೆ. ಕೃಷ್ಣೆಯ ದಂಡೆಯ ಅಂಟು ಎರೆಮಣ್ಣನ್ನು ಉಳಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಭಾಗದ ಸಂಸ್ಥಾನಿಕರು ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದರು. ಭಾರೀ ಮೈ, ಭಾರೀ ಬಲ, ನಿಧಾನ ನಡಿಗೆ. ಅಷ್ಟು ಮೈಗೆ ಅಷ್ಟೇ ಮೇವು ಬೇಕು. ಕಣಿಕೆ ಇದ್ದಷ್ಟು ದಿನ ಅದು ನಡೆಯಿತು. ಟ್ರ್ಯಾಕ್ಟರು ಬಂದು, ಜೋಳದ ಜಾಗಕ್ಕೆ ಕಬ್ಬು ಬಂದ ಮೇಲೆ ಆ ಎತ್ತುಗಳು ವಿರಳವಾದವು.

ಮಲೆನಾಡಿನ ಗಿಡ್ಡ ಇದಕ್ಕೆ ಪೂರ್ತಿ ವಿರುದ್ಧ. 2012ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ತಳಿಯೆಂದು ನೋಂದಣಿಯಾಗುವ ತನಕ ಅದಕ್ಕೆ ಕಾಗದದಲ್ಲಿ ಹೆಸರೇ ಇರಲಿಲ್ಲ. ಸೊಂಟದೆತ್ತರದ ಹಸು, ಹೊತ್ತಿಗೊಂದಿಷ್ಟು ಹಾಲು. ಹಾಲಿನ ಪಾತ್ರೆಯೊಂದರಿಂದಲೇ ಅಳೆದರೆ ಮಿಶ್ರತಳಿಯ ಮುಂದೆ ಅದು ನಿಲ್ಲಲಾರದು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಾಲಿಗೆ ಹೋಗದ ಆ ನೂಲು ಎಲ್ಲಿ ಹೋಯಿತು ಎಂದು ಕೇಳಬೇಕು. ನಾಲ್ಕು ತಿಂಗಳು ಬಿಡದ ಮಳೆಯಲ್ಲಿ ಒದ್ದೆಯಾಗಿ ನಿಲ್ಲುವ ಗೊರಸಿಗೆ, ಉಣ್ಣಿ ಕಚ್ಚಿದ ಚರ್ಮಕ್ಕೆ, ಸಾರವಿಲ್ಲದ ಬೆಟ್ಟದ ಹುಲ್ಲನ್ನು ಅರಗಿಸುವ ಹೊಟ್ಟೆಗೆ, ಕಡಿದಾದ ಜಾಡಿನಲ್ಲಿ ಜಾರದ ಸಣ್ಣ ಮೈಗೆ. ಕಾಲುಬಾಯಿ ಜ್ವರ ಬಂದರೂ ಬೇಗ ಚೇತರಿಸಿಕೊಳ್ಳುತ್ತದೆಂಬುದು ಸಾಕಿದವರ ಅನುಭವ. ಅತಿ ಹಾಲಿನ ಹೊರತಳಿಗಳಲ್ಲಿ ಹಾಲು ಏರಿದಂತೆ ಗರ್ಭ ನಿಲ್ಲುವುದು ಕಡಿಮೆಯಾಗುತ್ತ ಬಂದದ್ದು ಜಗತ್ತಿನ ಹಾಲುದ್ಯಮಕ್ಕೆಲ್ಲ ತಿಳಿದ ಸಂಗತಿ. ಅಲ್ಲಿ ಉಳಿತಾಯವಾಗದ್ದನ್ನು ರೈತ ಹಿಂಡಿ, ಔಷಧಿ, ಕೊಟ್ಟಿಗೆಯ ಕಾಂಕ್ರೀಟು, ವೈದ್ಯರ ಭೇಟಿಗಳ ರೂಪದಲ್ಲಿ ತುಂಬಿಕೊಡಬೇಕಾಗುತ್ತದೆ. ತುಂಬಿಕೊಡಬಲ್ಲವರಿಗೆ ಮಿಶ್ರತಳಿ ನಷ್ಟದ ಬಾಬತ್ತಲ್ಲ. ಡಾಂಬರು ರಸ್ತೆಯಿಂದ ಆರು ಮೈಲಿ ಒಳಗಿರುವ ಒಂಟಿಮನೆಯವರ ಲೆಕ್ಕ ಬೇರೆ.

ಮುಧೋಳದ ನಾಯಿಯ ಇಂದಿನ ಸ್ಥಿತಿಯನ್ನು ಹೇಳದಿದ್ದರೆ ಮಾತು ಅರ್ಧವಾದೀತು. 1972ರ ಕಾಯಿದೆಯ ಬಳಿಕ ಬೇಟೆ ಅಪರಾಧ. ಅದು ಸರಿಯೂ ಹೌದು. ಮೊಲದ ಹಿಂದೆ ಓಡಲು ರೂಪುಗೊಂಡ ಕಾಲಿಗೆ ಈಗ ಹೊಲ, ಕುರಿದೊಡ್ಡಿಗಳ ಕಾವಲು ಉಳಿದಿದೆ. ಹೆಸರು ಬಂದಂತೆ ಬೇಡಿಕೆಯೂ ಬಂದು, ಮರಿಗಳು ಬೆಂಗಳೂರು, ಪುಣೆಗಳ ಮನೆಗಳನ್ನು ಸೇರುತ್ತಿವೆ. ಅಲ್ಲಿ ಗೇಟಿನ ಪಕ್ಕ ನಾಲ್ಕಡಿ ಸರಪಳಿ ಹಾಕಿ ಕಟ್ಟಿದ ನಾಯಿ ದಿನವಿಡೀ ನಿಂತಲ್ಲೇ ತಿರುಗುತ್ತದೆ. ಚಳಿಗಾಲದ ರಾತ್ರಿ ನಡುಗುತ್ತದೆ. ಸಾಕಿದವರು ಅದಕ್ಕೆ ಎರಡು ಹೊತ್ತು ಚೆನ್ನಾಗಿಯೇ ತಿನ್ನಿಸುತ್ತಾರೆ, ಆದರೂ ಇದು ದಪ್ಪವಾಗುತ್ತಿಲ್ಲವಲ್ಲ ಎಂದು ಕೊರಗುತ್ತಾರೆ.